ಬೆನ್ನಿನ ನೀರಿನ ಆಂಟಿಬಾಡಿ ಟೆಸ್ಟ್: ಐದಕ್ಕೆ ನಾಲ್ಕು ಸ್ಟಾರ್

ಮಿಕ್ಸಿಗೆ, ಹೊಲಿಗೆ ಮೆಷಿನ್‌ಗೆ ರಿವ್ಯೂ ಬರೆದವಳು ನಾನು. ಲ್ಯಾಬ್ ಟೆಸ್ಟ್‌ಗೆ ಬರೆಯುತ್ತಿರುವುದು ಇದೇ ಮೊದಲು. ಟೆಸ್ಟ್ ಹೆಸರು ಆಟೋಇಮ್ಯೂನ್ ಎನ್ಸೆಫಲೈಟಿಸ್ ಪ್ಯಾನಲ್. ಮೈಯ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದಾಗ ಅದು ತಯಾರಿಸುವ ಆಂಟಿಬಾಡಿಗಳನ್ನು (ಶತ್ರುವಿಗೆ ಅಂಟಿಕೊಳ್ಳುವ ಪ್ರೋಟೀನ್‌ಗಳನ್ನು) ಹುಡುಕುವ ಟೆಸ್ಟ್ ಇದು. ಮಾಡಿಸಿದ್ದು ನನ್ನ ತಂಗಿಗೆ. ವಯಸ್ಸು 21.

ಬಿ.ಕಾಂ. ಪರೀಕ್ಷೆ ಹತ್ತಿರ ಇತ್ತು. ಮೊದಲು ಎರಡು ದಿನ ಜ್ವರ, ತಲೆನೋವು. ಆಮೇಲೆ ನಿದ್ದೆಯೇ ಇಲ್ಲ. ಪಕ್ಕದ ಮನೆಯವರು ಅನ್ನಕ್ಕೆ ಏನೋ ಬೆರೆಸಿದ್ದಾರೆ ಎಂದು ತಟ್ಟೆ ಎಸೆದಳು. ಅಮ್ಮ ತಾಯಿತ ಕಟ್ಟಿಸಿದರು. ನಾನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ಸ್ಥಿತಿ) ಅಂದರು, ಮಾತ್ರೆ ಕೊಟ್ಟರು. ಅವರನ್ನು ಬೈಯಲ್ಲ, ನೋಡೋಕೆ ಹಾಗೇ ಇತ್ತು. ಆದರೆ ಮಾತ್ರೆ ತಿಂದ ಮೇಲೆ ಮೈ ಸೆಟೆದುಕೊಂಡಿತು. ಬಾಯಿ ಸುಮ್ನೆ ಏನೋ ಜಗಿಯುವ ಹಾಗೆ ಆಡುತ್ತಿತ್ತು. ಹತ್ತನೇ ದಿನ ಫಿಟ್ಸ್.

ನರರೋಗದ ಡಾಕ್ಟರ್‌ಗೆ ಆ ಬಾಯಿ ನೋಡಿಯೇ ಅನುಮಾನ ಬಂತು. ಎಂಆರ್‌ಐ ನಾರ್ಮಲ್. ಈ ಪ್ಯಾನಲ್ ಬರೆದುಕೊಟ್ಟರು. ಲ್ಯಾಬ್ ಕೌಂಟರ್‌ನಲ್ಲಿ "ರಕ್ತ ಸಾಕು" ಅಂದರು. ನೆಗೆಟಿವ್ ಬಂತು. ಡಾಕ್ಟರ್ ಒಪ್ಪಲಿಲ್ಲ, ಬೆನ್ನಿನ ನೀರು (ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ತೆಗೆಸಿ ಮತ್ತೆ ಕಳಿಸಿದರು. ಎನ್‌ಎಂಡಿಎ ಪಾಸಿಟಿವ್! ಅಂದರೆ ಮೆದುಳಿನ ನರಕೋಶಗಳ ಮೇಲಿರುವ ಎನ್‌ಎಂಡಿಎ ಎಂಬ ಗ್ರಾಹಕಕ್ಕೆ ಅಂಟುವ ಆಂಟಿಬಾಡಿ ಸಿಕ್ಕಿತು. ಈ ಕಾಯಿಲೆ ಕೆಲವರ ರಕ್ತದಲ್ಲಿ ಕಾಣದೆ ಬೆನ್ನಿನ ನೀರಿನಲ್ಲಿ ಮಾತ್ರ ಸಿಗುತ್ತದೆ. ಅದನ್ನು ಕೌಂಟರ್‌ನವರು ಹೇಳಬೇಕಿತ್ತು, ಅಲ್ವಾ? ಒಂದು ಸ್ಟಾರ್ ಕತ್ತರಿಸಿದ್ದು ಅದಕ್ಕೇ. ಎರಡು ಸಲ ದುಡ್ಡು ಹೋಯಿತು. ಪುಣ್ಯಕ್ಕೆ ಡಾಕ್ಟರ್ ರಿಪೋರ್ಟ್‌ಗೆ ಕಾಯದೆ ಸ್ಟೀರಾಯ್ಡ್ ಶುರು ಮಾಡಿದ್ದರು.

ಆಮೇಲೆ ಹೊಟ್ಟೆ ಸ್ಕ್ಯಾನ್. ಅಂಡಾಶಯದಲ್ಲಿ ಟೆರಟೋಮ ಎಂಬ ಗಡ್ಡೆ. ಅದರೊಳಗೆ ಕೂದಲು, ಹಲ್ಲು, ನರದ ತುಣುಕು ಕೂಡ ಬೆಳೆಯುತ್ತವಂತೆ. ಮೈ ಆ ನರದ ತುಣುಕನ್ನು ಶತ್ರು ಅಂದುಕೊಂಡು ಆಂಟಿಬಾಡಿ ಮಾಡಿದೆ, ಅದು ಹೋಗಿ ಮೆದುಳಿಗೂ ಅಂಟಿಕೊಂಡಿದೆ. ತಂಗಿಯದು ಕ್ಯಾನ್ಸರ್ ಗಡ್ಡೆ ಆಗಿರಲಿಲ್ಲ. ಆದರೆ ಅದೇ ರಿಪೋರ್ಟ್‌ನಲ್ಲಿ ಗಾಬಾ-ಬಿ ಅಂತ ಇನ್ನೊಂದು ಆಂಟಿಬಾಡಿಯ ಸಾಲಿತ್ತು. ಅದು ಪಾಸಿಟಿವ್ ಬಂದರೆ ಶ್ವಾಸಕೋಶದ ಕ್ಯಾನ್ಸರ್ ಇದೆಯಾ ಎಂದು ಹುಡುಕುತ್ತಾರೆ.

2007ರಲ್ಲಿ ನರರೋಗ ತಜ್ಞ ಡಾ. ಜೋಸೆಪ್ ಡಾಲ್ಮೌ ತಂಡ ಇಂಥ 12 ಹೆಂಗಸರ ಬಗ್ಗೆ ಬರೆದ ಮೇಲೆಯೇ ಈ ಆಂಟಿಬಾಡಿ ಯಾವುದೆಂದು ಗೊತ್ತಾಗಿದ್ದು. ಅದಕ್ಕೂ ಮುಂಚಿನ ಹುಡುಗಿಯರೆಲ್ಲ ಏನಾದರೋ.

ಆಪರೇಷನ್ ಆಗಿ ಗಡ್ಡೆ ಹೋಯಿತು. ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳ ಡ್ರಿಪ್) ಹಾಕಿದರು, ಅದರ ಬಿಲ್ ಕಥೆ ಬೇಡ. ಮಾತು ಸರಿಯಾಗಲು ತಿಂಗಳುಗಳೇ ಹಿಡಿದವು. ಮಾಡಿಸುವವರು ರಕ್ತ, ಬೆನ್ನಿನ ನೀರು ಎರಡನ್ನೂ ಒಟ್ಟಿಗೇ ಕಳಿಸಿ.

ಈ ವರ್ಷ ಪರೀಕ್ಷೆ ಕಟ್ಟಿದ್ದಾಳೆ. ಆ ದಿನಗಳು ಅವಳಿಗೆ ಒಂದಿಷ್ಟೂ ನೆನಪಿಲ್ಲ. "ನಿಜವಾಗ್ಲೂ ತಟ್ಟೆ ಎಸೆದ್ನಾ ಅಕ್ಕಾ?" ಎಂದು ಈಗಲೂ ಕೇಳುತ್ತಾಳೆ.