ಲೋಲಕ ಸರಿಯಾಗೇ ಇತ್ತು, ಬೈಗುಳ ತಿಂದದ್ದು ಲ್ಯಾಪ್‌ಟಾಪ್: ಫೆಟ್ ಸಿಮ್ಯುಲೇಷನ್ ಜೊತೆ ಏಳು ವರ್ಷ

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಫೆಟ್ (PhET) ಸಿಮ್ಯುಲೇಷನ್, ಅಂದರೆ ಪ್ರಯೋಗಗಳನ್ನು ಕಂಪ್ಯೂಟರ್ ಪರದೆ ಮೇಲೇ ಮಾಡಿ ನೋಡುವ ಸಾಫ್ಟ್‌ವೇರ್, ಬಳಸಲು ಶುರು ಮಾಡಿ ಏಳು ವರ್ಷವಾಯಿತು. ನೊಬೆಲ್ ಬಂದ ಮರುವರ್ಷ, 2002ರಲ್ಲಿ, ಭೌತವಿಜ್ಞಾನಿ ಕಾರ್ಲ್ ವೀಮನ್ ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು ಇದು. ದುಡ್ಡು ಕೊಡಬೇಕಿಲ್ಲ. ಕೆಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಇವೆ.

ಮೊದಮೊದಲು ಹಳೆಯ ಜಾವಾ ಫೈಲುಗಳದ್ದೇ ಕಾಟ. ಕ್ಲಿಕ್ ಮಾಡಿದರೆ ಸಿಮ್ಯುಲೇಷನ್ ಬದಲು ಜಿಪ್ ಬಿಚ್ಚುವ ಸಾಫ್ಟ್‌ವೇರ್ ತೆರೆದುಕೊಂಡು, ಒಳಗಿನ ಫೋಲ್ಡರ್‌ಗಳನ್ನೆಲ್ಲ ತರಕಾರಿ ಹಾಗೆ ಹರಡಿ ಕೂರುತ್ತಿತ್ತು. ಇನ್ನು ಕೆಲವು ಸಿಮ್ಯುಲೇಷನ್‌ಗಳಿಗೆ ಬೇಕಿದ್ದ ಫ್ಲ್ಯಾಶ್ ಸಾಫ್ಟ್‌ವೇರ್ ಕೂಡ 2020ರ ಕೊನೆಗೆ ನಿಂತಿತು. ಈಗ ಬಳಸುವುದೆಲ್ಲ ಬ್ರೌಸರ್‌ನಲ್ಲೇ ನೇರವಾಗಿ ತೆರೆಯುವ ಎಚ್‌ಟಿಎಂಎಲ್5. ಒಂದೇ ಫೈಲ್, ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಅದನ್ನೇ ಮಕ್ಕಳ ಮೊಬೈಲಿಗೆ ಕಳಿಸಿದಾಗ ಕೆಲವರಿಗೆ ಬರೀ ಬಿಳಿ ಪರದೆ. ಫೋನು ಅದನ್ನು ಬ್ರೌಸರ್ ಬಿಟ್ಟು ಬೇರೆ ಯಾವುದೋ ವ್ಯೂವರ್‌ನಲ್ಲಿ ತೆರೆದಿತ್ತು, ಅಷ್ಟೇ.

ನನ್ನ ಮಾನ ಹೋದದ್ದು ಲೋಲಕದ ವಿಷಯದಲ್ಲಿ. ಫೆಟ್‌ನ ಲೋಲಕದ ಸಿಮ್ಯುಲೇಷನ್ ಪೆಂಡ್ಯುಲಮ್ ಲ್ಯಾಬ್‌ನಲ್ಲಿ ಉದ್ದ 1 ಮೀಟರ್, ಗುರುತ್ವ ಭೂಮಿಯದ್ದು, ಘರ್ಷಣೆ ಸೊನ್ನೆ. ಸೂತ್ರದ ಪ್ರಕಾರ ಅವಧಿ, ಅಂದರೆ ಒಂದು ಸಲ ಹೋಗಿ ಬರಲು ಬೇಕಾದ ಸಮಯ, 2.01 ಸೆಕೆಂಡ್ ಬರಬೇಕು. ಬೋರ್ಡ್ ಮೇಲೆ ಬರೆದೂ ಆಗಿತ್ತು. ಮುಂದಿನ ಬೆಂಚಿನ ಹುಡುಗಿ ಗುಂಡನ್ನು ಎಳೆದು ಬಿಟ್ಟಳು. 2.37 ಬಂತು.

"ಮೇಡಂ, ಲ್ಯಾಪ್‌ಟಾಪ್ ಹ್ಯಾಂಗ್ ಆಗ್ತಿದೆ ಅನ್ಸುತ್ತೆ."

ನನಗೂ ಹಾಗೇ ಅನಿಸಿತು. ಯಾರಾದರೂ ಸಿಮ್ಯುಲೇಷನ್‌ನ ಸ್ಲೋ ಬಟನ್ ಒತ್ತಿದ್ದಾರಾ ಎಂದು ನೋಡಿದೆ. ಇಲ್ಲ. ಒತ್ತಿದ್ದರೂ ಒಳಗಿನ ಟೈಮರ್ ಅದರ ಜೊತೆಗೇ ನಿಧಾನವಾಗುತ್ತದೆ, ಲೆಕ್ಕ ತಪ್ಪುವುದಿಲ್ಲ. ತೆರೆದಿದ್ದ ಟ್ಯಾಬ್‌ಗಳನ್ನು ಮುಚ್ಚಿದೆ. ರೀಸ್ಟಾರ್ಟ್ ಮಾಡಿದೆ. ಬ್ರೌಸರ್ ಬದಲಿಸಿದೆ. ಪ್ರೊಜೆಕ್ಟರ್ ಕೇಬಲನ್ನೂ ಕಿತ್ತು ಹಾಕಿದೆ, ಯಾಕೆ ಎಂದು ಕೇಳಬೇಡಿ. ಕೊನೆಗೆ ಸ್ಟಾಫ್ ರೂಮಿನಿಂದ ಇನ್ನೊಂದು ಲ್ಯಾಪ್‌ಟಾಪ್ ತರಿಸಿದೆ. ಅದರಲ್ಲೂ 2.37. ಎರಡು ಲ್ಯಾಪ್‌ಟಾಪ್‌ಗಳು ಹ್ಯಾಂಗ್ ಆದರೂ ಎರಡನೇ ದಶಮಾಂಶದವರೆಗೆ ಒಂದೇ ಥರ ಹ್ಯಾಂಗ್ ಆಗುತ್ತವಾ?

ಆಗ ಪರದೆಯನ್ನು ಸರಿಯಾಗಿ ನೋಡಿದೆ. ಅವಳು ಗುಂಡನ್ನು ಪೂರಾ 90 ಡಿಗ್ರಿಗೆ ಎಳೆದಿದ್ದಳು. ನಮ್ಮ ಸೂತ್ರ ನಡೆಯುವುದು ಕೋನ ಚಿಕ್ಕದಿದ್ದಾಗ ಮಾತ್ರ. 90 ಡಿಗ್ರಿಯಲ್ಲಿ ಅವಧಿ ಸುಮಾರು 18 ಶೇಕಡಾ ಜಾಸ್ತಿ. ಆ ಷರತ್ತನ್ನು ವರ್ಷ ವರ್ಷವೂ ಬರೆಸುತ್ತೇನೆ. ನನಗೇ ನೆನಪಾಗಲಿಲ್ಲ! ಮರುದಿನ ಒಂದು ಮೀಟರ್ ದಾರಕ್ಕೆ ಕಬ್ಬಿಣದ ನಟ್ ಕಟ್ಟಿ 60 ಡಿಗ್ರಿಯಿಂದ ಬಿಟ್ಟೆವು. ಹತ್ತು ಆಂದೋಲನಕ್ಕೆ 21 ಸೆಕೆಂಡ್ ದಾಟಿತು. ಚಿಕ್ಕ ಕೋನಕ್ಕೆ 20ರ ಆಸುಪಾಸು. ಪಾಠಕ್ಕೆ ಅಂತ ಸೂತ್ರವನ್ನೇ ಒಳಗೆ ತುರುಕಿದ್ದರೆ ಇದು ಸಿಗುತ್ತಿರಲಿಲ್ಲ. ಈ ಒಂದು ಕಾರಣಕ್ಕೇ ನಾನು ಫೆಟ್ ಬಿಟ್ಟಿಲ್ಲ.

ಫೆಟ್‌ನದೇ ಸರ್ಕ್ಯೂಟ್ ಕಿಟ್, ಪರದೆ ಮೇಲೆ ಬ್ಯಾಟರಿ, ಬಲ್ಬ್, ವೈರ್ ಜೋಡಿಸುವ ಸಿಮ್ಯುಲೇಷನ್, ಬಗ್ಗೆ ಮಾತ್ರ ಅಷ್ಟು ಖುಷಿಯಿಲ್ಲ. ಶಾರ್ಟ್ ಮಾಡಿದರೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಹುಡುಗರು ಪಾಠ ಮರೆತು ಅದನ್ನೇ ಮಾಡುತ್ತಾ ಕೂರುತ್ತಾರೆ, ಅದು ಇರಲಿ. ತೊಂದರೆ ಏನೆಂದರೆ ಅಲ್ಲಿ ವೈರ್‌ಗಳ ತುದಿ ಹತ್ತಿರ ಬಂದರೆ ಸಾಕು, ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ನಮ್ಮ ಲ್ಯಾಬ್‌ನಲ್ಲಿ ಅರ್ಧ ಸಮಯ ಹೋಗುವುದೇ ಲೂಸ್ ಕಾಂಟ್ಯಾಕ್ಟ್ ಹುಡುಕುವುದಕ್ಕೆ. ಕಿಲುಬು ಹಿಡಿದ ಟರ್ಮಿನಲ್ ಉಜ್ಜಬೇಕು, ಒಳಗೇ ತುಂಡಾದ ವೈರನ್ನು ಮಲ್ಟಿಮೀಟರ್ ಇಟ್ಟು ಪತ್ತೆ ಮಾಡಬೇಕು. ಹಾಗಾಗಿ ಈಗ ಮೊದಲು ನಿಜವಾದ ವೈರನ್ನೇ ಕೈಗೆ ಕೊಡುತ್ತೇನೆ, ಸಿಮ್ಯುಲೇಷನ್ ಆಮೇಲೆ. ಮೊದಲೇ ಅದನ್ನು ತೋರಿಸಿದ ವರ್ಷ, ಬಲ್ಬ್ ಹತ್ತದಿದ್ದಾಗ ಒಬ್ಬರೂ ವೈರ್ ಮುಟ್ಟಿ ನೋಡಲಿಲ್ಲ. ಎಲ್ಲರೂ ಸುಮ್ನೆ ನನ್ನ ಮುಖ ನೋಡುತ್ತಾ ಕೂತರು.