ಟೇಪಿನ ಜೊತೆ ಎದ್ದು ಬಂದ ಬಂಗಾರ: ಗೇಟಿಗೆ ಎರಡು ಬಣ್ಣದ ಪೌಡರ್ ಕೋಟಿಂಗ್ ಮಾಡಿಸುವ ಮುಂಚೆ ಓದಿ

ಗೃಹಪ್ರವೇಶದ ಮರುದಿನ ತೋರಣ ಬಿಚ್ಚುತ್ತಿದ್ದೆವು. ಗೇಟಿನ ಮೇಲೆ ಮಾವಿನೆಲೆ ನಿಲ್ಲಲಿ ಅಂತ ಹುಡುಗರು ಟೇಪ್ ಅಂಟಿಸಿದ್ದರು. ದೊಡ್ಡಮ್ಮ ಟೇಪಿನ ತುದಿ ಹಿಡಿದು ಎಳೆದರು. ಗೇಣುದ್ದ ಬಂಗಾರದ ಬಣ್ಣವೂ ಜೊತೆಗೇ ಬಂತು. ಕೆಳಗಿನ ಕಪ್ಪು ಮಾತ್ರ ಪಳಪಳ ಹೊಳೆಯುತ್ತಾ ಹಾಗೇ ಇತ್ತು. "ಲೇ ತಮ್ಮ, ಬಾಳೆಹಣ್ಣು ಸುಲಿದಂಗ ಬರ್ತೈತಲ್ಲೋ" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಣ್ಣವೊಂದಕ್ಕೇ 28,000 ರೂಪಾಯಿ ಎಣಿಸಿಕೊಟ್ಟವನು ನಾನು.

ನಮ್ಮ ಮನೆ ದಾವಣಗೆರೆಯ ಹದಡಿ ರಸ್ತೆ ಕಡೆ. ಸುತ್ತಮುತ್ತ ಎಲ್ಲರ ಮನೆಗೂ ಲೇಸರ್ ಕಟಿಂಗ್ ಗೇಟ್, ನನಗೂ ಬೇಕೆನ್ನಿಸಿತು. ಚೌಕ ಪೈಪಿನ ಫ್ರೇಮ್, ನಡುವೆ 2 ಎಂಎಂ ತಗಡಿನಲ್ಲಿ ಬಳ್ಳಿ, ಎರಡು ನವಿಲು. ಫ್ರೇಮ್ ಕಪ್ಪು, ನವಿಲು ಬಂಗಾರ, ಎರಡೂ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಹೊಡೆದು ಓವನ್ನಿನಲ್ಲಿ ಬೇಯಿಸುವುದು. ಅಂಗಡಿ ಹೆಸರು ಹಾಕುವುದಿಲ್ಲ, ಯಾಕಂದ್ರೆ ಅರ್ಧ ತಪ್ಪು ನನ್ನದೇ.

ನನ್ನ ತಪ್ಪು ಮೊದಲು ಹೇಳಿಬಿಡುತ್ತೇನೆ. ವೆಲ್ಡಿಂಗ್ ಮುಗಿದ ವಾರ ಮಳೆ ಹಿಡಿಯಿತು. ತುಕ್ಕು ಬರುತ್ತದೆ ಅಂತ ನಾನೇ ನಿಂತು ರೆಡ್ ಆಕ್ಸೈಡ್ ಪ್ರೈಮರ್ ಹೊಡೆಸಿದೆ. ಜಾಯಿಂಟು ಕಾಣಬಾರದು ಅಂತ ಪುಟ್ಟಿ ಮೆತ್ತಿಸಿದೆ. ಬ್ರಷ್ಷಿನಲ್ಲಿ ಹೊಡೆಯುವ ಪೇಂಟಿಗಾದರೆ ಇದೆಲ್ಲ ಸರಿ. ಪೌಡರ್ ಕೋಟಿಂಗಿಗೆ ಇದು ವಿಷ. ಪುಡಿ ಹೊಡೆದ ಮೇಲೆ ಕಬ್ಬಿಣವನ್ನು ಓವನ್ನಿನಲ್ಲಿ ಸುಮಾರು 180ರಿಂದ 200 ಡಿಗ್ರಿಗೆ ಕಾಯಿಸುತ್ತಾರೆ. ಆ ಬಿಸಿಗೆ ಕೆಳಗಿನ ಪ್ರೈಮರ್, ಪುಟ್ಟಿ ಎರಡೂ ಗಾಳಿ ಬಿಡುತ್ತವೆ, ಬಿರುಕು ಬಿಡುತ್ತವೆ. ಅಂಗಡಿಯವನನ್ನು ಕೇಳಿದ್ದೆ. "ಏನೂ ಆಗಲ್ಲ ಸಾರ್, ಮೇಲೆ ಹೊಡೆದ್ರೆ ಮುಚ್ಚಿ ಹೋಗುತ್ತೆ" ಅಂದಿದ್ದ. ಗೇಟು ಬಂದಾಗ ಜಾಯಿಂಟುಗಳಲ್ಲಿ ಹಪ್ಪಳ ಕರಿದಂತೆ ಗುಳ್ಳೆ ಎದ್ದಿತ್ತು. ಮುಹೂರ್ತಕ್ಕೆ ನಾಲ್ಕೇ ದಿನ ಇತ್ತು, ಹೂವಿನ ಸರ ಇಳಿಬಿಟ್ಟು ಮುಚ್ಚಿದೆವು.

ಈಗ ಬಂಗಾರದ ಕಥೆ. ಮೊದಲು ಕಪ್ಪು ಹೊಡೆದು ಬೇಯಿಸಿ, ನವಿಲಿಗೆ ಅದರ ಮೇಲೇ ಬಂಗಾರ ಹೊಡೆದಿದ್ದರು. ಪೌಡರ್ ಗನ್ನಿನಿಂದ ಬರುವ ಪುಡಿಗೆ ಕರೆಂಟಿನ ಚಾರ್ಜ್ ಇರುತ್ತದೆ, ಕಬ್ಬಿಣಕ್ಕೆ ಅರ್ತ್ ಕೊಟ್ಟಿರುತ್ತಾರೆ. ಹಾಗಾಗಿ ಪುಡಿ ತಾನಾಗಿಯೇ ಹೋಗಿ ಕೂರುತ್ತದೆ. ಮೊದಲ ಬಣ್ಣ ಬೆಂದ ಮೇಲೆ ಅದೇ ಪ್ಲಾಸ್ಟಿಕ್ ಹೊದಿಕೆಯ ಹಾಗೆ ಅಡ್ಡ ನಿಲ್ಲುತ್ತದೆ. ಎರಡನೆಯ ಪುಡಿ ಸರಿಯಾಗಿ ಕೂರುವುದಿಲ್ಲ. ಜೋರು ಮಾಡಿ ಹೊಡೆದರೆ ಪುಡಿಯೇ ಪುಡಿಯನ್ನು ತಳ್ಳುತ್ತದೆ, ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಆಗುತ್ತದೆ. ನಮ್ಮ ನವಿಲಿನ ಬಾಲ ನೋಡಿದರೆ ಗೊತ್ತಾಗುತ್ತಿತ್ತು. ಒಂದು ಪದರ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ನಮ್ಮ ನವಿಲಿನ ಮೇಲೆ ಎಷ್ಟು ಸುರಿದಿದ್ದರೋ!

ಇಷ್ಟಾದರೂ ಬಣ್ಣ ಹಿಡಿಯಬಹುದಿತ್ತು. ಬೆಂದು ಹೊಳೆಯುವ ಕಪ್ಪನ್ನು 320 ನಂಬರ್ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಹೊಳಪು ತೆಗೆದು, ಎಣ್ಣೆ ಧೂಳು ಇಲ್ಲದಂತೆ ಒರೆಸಿ ಆಮೇಲೆ ಬಂಗಾರ ಹೊಡೆಯಬೇಕಿತ್ತು. ಇಲ್ಲವೇ, ಆ ಪುಡಿಗೆ ಸರಿಹೊಂದುವುದಾದರೆ, ಕಪ್ಪನ್ನು ಅರ್ಧ ಬೇಯಿಸಿ ಎರಡನ್ನೂ ಕೊನೆಗೆ ಒಟ್ಟಿಗೆ ಬೇಯಿಸಬೇಕಿತ್ತು. ಇವರು ಎರಡನ್ನೂ ಮಾಡಿಲ್ಲ. ನುಣ್ಣನೆಯ ಗಾಜಿನ ಮೇಲೆ ಹಾಕಿದ ಹಾಗೆ ಸುಮ್ನೆ ಹಾಕಿದ್ದಾರೆ. ಕಪ್ಪು ಜಾಗ ಮುಚ್ಚಲು ಹಾಕಿದ್ದೂ ಮಾಮೂಲಿ ಮಾಸ್ಕಿಂಗ್ ಟೇಪ್. ಓವನ್ನಿನಲ್ಲಿ ಅದರ ಗೋಂದು ಸುಟ್ಟು ಕಂದು ಗೆರೆಯಾಗಿ ಉಳಿದಿತ್ತು. ಈ ಕೆಲಸಕ್ಕೆ ಬಿಸಿ ತಡೆಯುವ ಹಸಿರು ಪಾಲಿಯೆಸ್ಟರ್ ಟೇಪ್ ಬೇರೆಯೇ ಸಿಗುತ್ತದೆ.

ಜಗಳ ಆಡಿದ ಮೇಲೆ ರಿಪೇರಿಗೆ ಒಬ್ಬ ಹುಡುಗ ಬಂದ. ಕಿತ್ತ ಕಡೆ ಗೋಲ್ಡ್ ಡ್ಯೂಕೋ ಪೇಂಟ್ ಹೊಡೆದ. ಹಿಂಜ್ ಹತ್ತಿರ ಥಿನ್ನರ್ ತಾಗಿದ್ದೇ ತಡ, ಕಪ್ಪು ಬಣ್ಣ ಮುದುರಿ ಬಟ್ಟೆಗೆ ಹತ್ತಿತು. ಅಂದರೆ ಕಪ್ಪೂ ಅಲ್ಲಿ ಬೆಂದಿರಲಿಲ್ಲ! ತೆಳು ತಗಡು ಬೇಗ ಕಾಯುತ್ತದೆ, ದಪ್ಪ ಹಿಂಜ್ ತಡವಾಗಿ ಕಾಯುತ್ತದೆ. ಓವನ್ನಿನ ಗಾಳಿ 200 ಡಿಗ್ರಿ ಇದ್ದರೆ ಸಾಲದು, ಕಬ್ಬಿಣವೇ ಹೇಳಿದಷ್ಟು ಬಿಸಿಯಾಗಿ ಹೇಳಿದಷ್ಟು ನಿಮಿಷ ಇರಬೇಕು. ಪೂರ್ತಿ ಬೆಂದಿದ್ದರೆ ಥಿನ್ನರ್ ಬಟ್ಟೆಯಲ್ಲಿ ನಾಲ್ಕು ಸಲ ಒರೆಸಿದ್ದಕ್ಕೆ ಹೀಗೆ ಬಣ್ಣ ಬಿಡುವುದಿಲ್ಲ. ಗೇಟು ತಗೊಳ್ಳುವಾಗ ಕಾಣದ ಮೂಲೆಯಲ್ಲಿ ಒರೆಸಿ ನೋಡಿ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ದುಡ್ಡು ವಾಪಸ್ ಬರಲಿಲ್ಲ. ಬೇರೆ ಕಡೆ ಹೋದೆ. ಅಲ್ಲಿನ ಮೇಸ್ತ್ರಿ ಗೇಟು ನೋಡಿದವರೇ ಕೇಳಿದ್ದು ಬಣ್ಣದ ವಿಷಯವನ್ನೇ ಅಲ್ಲ. "ನವಿಲನ್ನ ಯಾಕೆ ವೆಲ್ಡ್ ಮಾಡಿಸಿದ್ರಿ? ಬೋಲ್ಟ್ ಹಾಕಿಸಿದ್ರೆ ಬೇರೆ ಬೇರೆ ಹೊಡೀಬಹುದಿತ್ತಲ್ಲ." ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬಣ್ಣದ ಮೇಲೆ ಬಣ್ಣ ಬೇಕಾಗಿಯೇ ಇರಲಿಲ್ಲ!

ಬೇರೆಯಾಗಿ ಬಣ್ಣ ಹೊಡೆಸಲು ನವಿಲುಗಳನ್ನು ಕತ್ತರಿಸಿ ತೆಗೆದೆವು. ಹಳೆಯದನ್ನೆಲ್ಲ ಮರಳು ಬ್ಲಾಸ್ಟಿಂಗ್ ಮಾಡಿ, ಅಂದರೆ ಗಾಳಿಯ ರಭಸದಲ್ಲಿ ಮರಳು ಹೊಡೆದು ಬಿಡಿಸಿದರು, ಒಂದು ನವಿಲಿನ ತಗಡು ಸ್ವಲ್ಪ ಸೊಟ್ಟಗಾಯಿತು. ತೆಳು ತಗಡಿಗೆ ಬಣ್ಣ ಬಿಡಿಸುವ ಕೆಮಿಕಲ್ಲೇ ವಾಸಿ ಅಂತ ಆಮೇಲೆ ತಿಳಿಯಿತು. ಪೈಪಿಗೆ ಕೆಳಗಡೆ ಗಾಳಿ ಹೋಗಲು ಸಣ್ಣ ತೂತು ಹಾಕಿದರು. ಪುಡಿಯ ಡಬ್ಬದ ಮೇಲೆ ಪಾಲಿಯೆಸ್ಟರ್ ಅಂತ ಇದೆಯಾ ಎಂದು ಈ ಸಲ ನಾನೇ ಓದಿದೆ. ಎಪಾಕ್ಸಿ ಪುಡಿ ಮನೆಯೊಳಗಿನ ಸಾಮಾನಿಗೆ ಸರಿ, ನಮ್ಮೂರ ಏಪ್ರಿಲ್ ಬಿಸಿಲಿಗೆ ಸುಣ್ಣ ಸವರಿದಂತೆ ಬೆಳ್ಳಗಾಗುತ್ತದೆ. ಬಂಗಾರದ ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಕೂಡ ಹಾಕಿಸಿದೆ, ಇಲ್ಲದಿದ್ದರೆ ಮೆಟಾಲಿಕ್ ಪುಡಿ ಕಾಲಕ್ರಮೇಣ ಮಂಕಾಗುತ್ತದಂತೆ. ನವಿಲಿನ ಕಣ್ಣಿಗೆ ಮಾತ್ರ ಕೆಂಪು ಬೇಕು ಅಂತ ಮಗಳ ಹಟ. ಅದನ್ನು ಎಲ್ಲಾ ಬೆಂದ ಮೇಲೆ, ಉಜ್ಜಿ, ಎರಡು ಡಬ್ಬದ್ದನ್ನು ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟಿನಲ್ಲಿ ಕೈಯಲ್ಲೇ ಬರೆಸಿದೆವು.

ಒಟ್ಟು ಖರ್ಚು ಹೇಳಲ್ಲ, ಮನೆಯವರು ಓದುತ್ತಾರೆ. ಹೋದ ಯುಗಾದಿಗೆ ಅದೇ ಟೇಪ್ ಹಚ್ಚಿ ನಾನೇ ಎಳೆದು ನೋಡಿದೆ, ಬಣ್ಣ ಮಿಸುಕಲಿಲ್ಲ. ದೊಡ್ಡಮ್ಮ ಮಾತ್ರ ಈಗಲೂ ತೋರಣ ಕಟ್ಟುವಾಗ ದಾರದ ಉಂಡೆ ಹುಡುಕುತ್ತಾರೆ.