ಮೊದಲ ಬೈಕ್: ಎಫ್‌ಜೆಡ್ ಸಾಕಾ, ಎಂಟಿ-15 ಬೇಕಾ?

ತಮ್ಮನಿಗೆ ಮೊದಲ ಬೈಕ್ ಅಂತ ಯಮಹಾದ ಎರಡನ್ನೂ ಓಡಿಸಿ ನೋಡಿದೆ. ಎಫ್‌ಜೆಡ್ 149 ಸಿಸಿ, ಏರ್ ಕೂಲ್ಡ್ (ಗಾಳಿಯಿಂದ ತಣಿಯೋ ಎಂಜಿನ್), ಪವರ್ 12.4 ಪಿಎಸ್. ಎಂಟಿ-15 ಬರೀ 155 ಸಿಸಿ, ಆದರೆ ಲಿಕ್ವಿಡ್ ಕೂಲ್ಡ್ (ದ್ರವದಿಂದ ತಣಿಯೋದು) ಆಗಿರೋದರಿಂದ ಎಂಜಿನ್ನನ್ನು ಇನ್ನೂ ಜೋರಾಗಿ ದುಡಿಸಬಹುದು, ಹಾಗಾಗಿ 18.4 ಪಿಎಸ್. ಹೈವೇಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಆ ಪವರ್ ಪೂರ್ತಿ ಸಿಗೋದು 10,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅಷ್ಟು ತಿರುಗಿಸೋಕೆ ಜಾಗ ಎಲ್ಲಿದೆ?

ಎಫ್‌ಜೆಡ್‌ನ ಟಾರ್ಕ್ (ಎಂಜಿನ್ನಿನ ಎಳೆಯೋ ಬಲ) 5,500 ಆರ್‌ಪಿಎಂನಲ್ಲೇ ಪೂರ್ತಿ ಬರುತ್ತದೆ, ಪದೇ ಪದೇ ಗೇರ್ ಬದಲಿಸೋ ಕಾಟ ಕಡಿಮೆ. ಹೊಸಬರಿಗೆ ಇದು ದೊಡ್ಡ ಸಮಾಧಾನ. ಏರ್ ಕೂಲ್ಡ್ ಎಂಜಿನ್ನಿಗೆ ಓಡುವಾಗ ಬೀಸೋ ಗಾಳಿಯೇ ತಂಪು, ನಿಂತರೆ ಬಿಸಿ ಏರುತ್ತದೆ, ನಿಜ. ಆದರೂ 150 ಸಿಸಿಗೆ ಅದೇನು ತಲೆನೋವಲ್ಲ. ಲಿಕ್ವಿಡ್‌ನಲ್ಲಿ ರೇಡಿಯೇಟರ್, ಪಂಪ್, ಫ್ಯಾನ್ ಎಲ್ಲ ಜಾಸ್ತಿ. ಕೂಲಂಟ್ (ತಣಿಸೋ ದ್ರವ) ಮಟ್ಟ ನೋಡುತ್ತಿರಬೇಕು, ಕಾಲಕಾಲಕ್ಕೆ ಬದಲಿಸಬೇಕು. ಕಲಿಯುವಾಗ ಬೀಳೋದು ಇದ್ದದ್ದೇ ಅಲ್ವಾ, ಆಗ ರೇಡಿಯೇಟರ್‌ಗೆ ಪೆಟ್ಟಾದರೆ ಖರ್ಚು ಬೇರೆ. ತಮ್ಮ ಮಾತ್ರ ಎಂಟಿಯ ಮುಖ ನೋಡಿ ಸೋತುಬಿಟ್ಟಿದ್ದ, ಸುಮ್ನೆ ಒಂದು ವಾರ ಮುನಿಸಿಕೊಂಡ. ಕೊನೆಗೆ ಎಫ್‌ಜೆಡ್ಡೇ ತಂದೆವು.